ಡ್ರಾಫ್ಟಿನಲ್ಲಿ ಉಳಿದ ಮಾತು

ಬ್ರೆಡ್ ಕಾರ್ಖಾನೆಯ ಓವನ್ ಮೇಸ್ತ್ರಿ ಮಾಡಿಕೊಂಡ ಎಡವಟ್ಟಿಗೆ ಬೈಯಬೇಕೋ ಅಳಬೇಕೋ ಅವನ ನಾದಿನಿಗೂ ತಿಳಿಯಲಿಲ್ಲ. ತೀರಿಕೊಂಡ ಹೆಂಡತಿಯ ಕೊನೆಯ ಇ-ಮೇಲನ್ನು ಅವನು ಕೈಯಾರೆ ಅಳಿಸಿದ್ದ.

ಮೇಲ್ ಎಂದರೆ ಯಾರೂ ಯಾರಿಗೂ ಕಳಿಸಿದ್ದಲ್ಲ. ಅವನದು ರಾತ್ರಿ ಪಾಳಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದ ಅವಳದು ಹಗಲು. ಅವನು ಬೀಗ ತೆಗೆಯುವಾಗ ಅವಳಿಗೆ ನಿದ್ದೆ, ಅವಳು ಬಾಗಿಲೆಳೆದುಕೊಂಡು ಹೊರಡುವಾಗ ಅವನದು ಗೊರಕೆ. ವಾರದ ರಜೆ ಬಿಟ್ಟರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಮಲಗಿದ್ದಾಗಲೇ. ಚೀಟಿ ಬರೆದಿಡೋಣವೆಂದರೆ ಅವನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. "ನಿಮ್ಮ ಚೀಟಿ ಓದೋಕೆ ಬೀದಿಯವರನ್ನೆಲ್ಲ ಕರೀಬೇಕು," ಎಂದು ರೇಗಿಸಿ ಅವಳೇ ಅಡುಗೆಮನೆ ಪಕ್ಕದ ಹಳೆಯ ಕಂಪ್ಯೂಟರಿನ ದಾರಿ ತೋರಿಸಿದ್ದಳು.

ಒಂದೇ ಮನೆ, ಇಬ್ಬರಿಗೂ ಒಂದೇ ಮೇಲ್ ವಿಳಾಸ, ಕಳಿಸುವುದಾದರೂ ಯಾರಿಗೆ? ಡ್ರಾಫ್ಟಿನಲ್ಲಿ ಒಂದೇ ಒಂದು ಮೇಲ್. ಮಲಗುವ ಮುಂಚೆ ಅವಳು ಬರೆದಿಡುವಳು. ಅವನು ಬಂದು ಓದಿ, ಸಂಜೆ ಎದ್ದ ಮೇಲೆ ಅದನ್ನು ಅಳಿಸಿ ಅಲ್ಲೇ ತನ್ನದನ್ನು ಬರೆಯುವನು. ಅದನ್ನು ಅಳಿಸಿ ಮತ್ತೆ ಅವಳದು. ಹಾಲು ಒಡೆದುಹೋಯ್ತು, ಮನೆ ಮಾಲೀಕ ಬಂದಿದ್ದ, ಅಂಗಿಗೆ ಗುಂಡಿ ಹಾಕಿದ್ದೀನಿ, ನಿದ್ದೇಲಿ ನಗ್ತಿದ್ರಲ್ಲ ಯಾರ ಕನಸು? ಹೀಗೇ ಸಂಸಾರ ಸಾಗಿತ್ತು.

ಒಂದು ಮಧ್ಯಾಹ್ನ ಕೌಂಟರಿನಲ್ಲೇ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ. ಹಿಂದಿನ ರಾತ್ರಿ ಬರೆದಿಟ್ಟದ್ದು ಡ್ರಾಫ್ಟಿನಲ್ಲಿ ಹಾಗೇ ಉಳಿಯಿತು. ಅವನು ಅದಕ್ಕೆ ಉತ್ತರ ಬರೆಯಲಿಲ್ಲ. ಬರೆದರೆ ಅಳಿಸಬೇಕಲ್ಲ! ದಿನಾ ಕೆಲಸದಿಂದ ಬಂದವನೇ ತೆರೆದು ಓದುತ್ತಿದ್ದ. ಎರಡೇ ಸಾಲು, ಬಾಯಿಪಾಠವಾಗಿತ್ತು. ಆದರೆ ಬಾಯಿಪಾಠ ಬೇರೆ, ಅವಳ ಬೆರಳು ಕುಟ್ಟಿದ ಅಕ್ಷರ ಬೇರೆ. ಅದು ಅಲ್ಲಿರುವಷ್ಟು ದಿನ ಅವಳು ಒಳಗೆ ಮಲಗಿದ್ದಾಳೆ ಎನ್ನಿಸುತ್ತಿತ್ತು ಅವನಿಗೆ.

ಮೊನ್ನೆ ಓವನ್ ಕೆಟ್ಟು, ಎರಡು ಪಾಳಿ ಒಟ್ಟಿಗೆ ದುಡಿದು ಸಂಜೆಗೆ ಮನೆ ಸೇರಿದ. ಅವನು ದಿನಾ ಬರೆಯುತ್ತಿದ್ದ ಹೊತ್ತು ಅದು. ನಿದ್ದೆಗಣ್ಣಲ್ಲೇ ಕುರ್ಚಿಗೆ ಒರಗಿದ. ಕೈಗೆ ಹಳೆಯ ರೂಢಿ; ಇದ್ದದ್ದನ್ನೆಲ್ಲ ಅಳಿಸಿ, "ಓವನ್ ಕೆಟ್ಟಿತ್ತು ಕಣೇ, ಸಾಕಾಗಿ ಹೋಯ್ತು," ಎಂದು ಬರೆದು, ಸೇವ್ ಮಾಡಿ ಮುಚ್ಚಿತು. ಮುಚ್ಚಿದ ಮೇಲೆ ಅವನಿಗೆ ಎಚ್ಚರವಾಯಿತು.

ನಾದಿನಿ ಹೆಂಡತಿಯ ಒಬ್ಬಳೇ ತಂಗಿ, ಆಫೀಸೊಂದರಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವವಳು. ರಜೆಯ ದಿನ ಬೆಳಗ್ಗೆಯೇ ಬಂದಳು.

"ಆಮೇಲೆ ಏನಾದ್ರೂ ಮುಟ್ಟಿದ್ರಾ ಭಾವ?"

"ಇಲ್ಲಮ್ಮ. ವೈರ್ ಕಿತ್ತಿಟ್ಟು ಮೇಲೆ ಹೊದಿಕೆ ಹೊದಿಸಿದ್ದೀನಿ."

"ಅದಕ್ಕೇನು ಚಳಿಜ್ವರಾನಾ?" ಎಂದು ನಕ್ಕವಳು ಅವನ ಮುಖ ನೋಡಿ, ಹೊದಿಕೆ ಸರಿಸಿ ವೈರ್ ಸಿಕ್ಕಿಸಿದಳು.

ಮೊದಲು ಇದ್ದದ್ದನ್ನೆಲ್ಲ ತನ್ನ ಡಿಸ್ಕಿಗೆ ಇಳಿಸಿಕೊಂಡಳು. "ನಾವು ಬರೀತಾ ಇದ್ದ ಹಾಗೇ ಇದು ಆಗಾಗ ತಾನೇ ಒಂದೊಂದು ಕಾಪಿ ಇಟ್ಕೊಳ್ಳುತ್ತೆ. ಹೊಸದು ಬಂದ್ರೆ ಹಳೇದನ್ನ ಬಚ್ಚಿಡುತ್ತೆ ಅಷ್ಟೆ, ಒರೆಸಿ ಹಾಕಲ್ಲ. ನಮ್ಮ ಪುಣ್ಯ ಇದ್ರೆ ಸಿಗುತ್ತೆ."

ಅವನು ಅವಳ ಹಿಂದೆ ನಿಂತ. ಗೊತ್ತುಗುರಿಯಿಲ್ಲದ ಅಕ್ಷರಗಳ ರಾಶಿಯ ನಡುವೆ ಅವಳ ಬೆರಳು ಕೊನೆಗೊಂದು ಕಡೆ ನಿಂತಿತು.

"ಊಟ ಮುಚ್ಚಿಟ್ಟಿದ್ದೀನಿ. ಸದ್ದು ಮಾಡದೆ ಮಲಗಿ, ನಾಳೆ ನನಗೆ ಬೇಗ ಡ್ಯೂಟಿ."

"ಇದೇ, ಇದೇ," ಎಂದ ಅವನು. ಹೋದ ಜೀವ ಬಂದಂತಾಗಿತ್ತು.

ನಾದಿನಿ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಭಾವ, ಇದಕ್ಕೆ ಮುಂಚಿನವೂ ಇವೆ. ಅದೇ ರಾತ್ರಿದು. ಅಕ್ಕ ಬರೆದು, ಬೇಡ ಅಂತ ಅಳಿಸಿದ್ದು. ನೋಡ್ತೀರಾ?"

ಅವನು ಬಾಗಿ ಓದಿದ.

"ಬಂದ ತಕ್ಷಣ ನನ್ನ ಎಬ್ಬಿಸಿ. ವಿಶೇಷ ಏನಿಲ್ಲ. ನಿಮ್ಮ ಜೊತೆ ಸುಮ್ಮನೆ ಕೂತು ಮಾತಾಡಿ ಎಷ್ಟು ದಿನ ಆಯ್ತು."

ಅದರ ನಂತರದ ಕಾಪಿಯಲ್ಲಿ ಸಾಲು ಕಿರಿದಾಗಿತ್ತು. "ಬಂದ ತಕ್ಷಣ ಎಬ್ಬಿಸಿ. ದಣಿದಿದ್ದರೆ ಬೇಡ."

ಅದರ ನಂತರ ಬರೀ ಊಟದ ಮಾತು. ಸದ್ದು ಮಾಡಬೇಡಿ ಎಂಬುದು ಎಲ್ಲಕ್ಕಿಂತ ಕೊನೆಗೆ ಬಂದದ್ದು.

ನಾದಿನಿ ಇನ್ನೂ ಹಿಂದಕ್ಕೆ ಹೋದಳು. ಎಲ್ಲ ರಾತ್ರಿಯೂ ಅಲ್ಲ, ಆದರೆ ಅಲ್ಲಲ್ಲಿ ಅದೇ ಮಾತು ಇಣುಕುತ್ತಿತ್ತು. ಎಬ್ಬಿಸಿ. ಎಬ್ಬಿಸ್ತೀರಾ? ಅಳಿಸದೆ ಬೆಳಗಿನವರೆಗೆ ಅವಳು ಬಿಟ್ಟದ್ದು ಒಂದೂ ಇರಲಿಲ್ಲ.

"ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಒಳಗೆ ಬರ್ತಿದ್ದೆ," ಎಂದ ಅವನು. "ಅವತ್ತು ಅವಳ ಪಕ್ಕ ತುಂಬಾ ಹೊತ್ತು ನಿಂತಿದ್ದೆ. ಎಬ್ಬಿಸೋಣ ಅಂತ ಕೈ ಕೂಡ ಚಾಚಿದ್ದೆ ಕಣಮ್ಮ. ಬೇಗ ಡ್ಯೂಟಿ ಅಂದಿದ್ದಾಳಲ್ಲ, ಪಾಪ, ಮಲಗಲಿ ಅಂತ..."

ಮಾತನ್ನು ಅಲ್ಲಿಗೇ ಬಿಟ್ಟು ಮಲಗುವ ಕೋಣೆಗೆ ನಡೆದ. ಹಾಸಿಗೆಯಲ್ಲಿ ಅವಳು ಮಲಗುತ್ತಿದ್ದ ಬದಿಗೆ ಹೋಗಿ ನಿಂತ.

"ಏಳೇ," ಎಂದ. ಆ ಕೋಣೆಯಲ್ಲಿ ದನಿ ಎತ್ತಿ ಗೊತ್ತಿಲ್ಲದವನು. ಮಾತು ಅವನಿಗೇ ಕೇಳಿಸಲಿಲ್ಲ. ದಿಂಬಿನ ಮೇಲೆ ಕೈಯಿಟ್ಟು, ಈ ಸಲ ಇಡೀ ಮನೆಗೆ ಕೇಳುವಂತೆ ಕೂಗಿದ.

"ಏಳೇ, ಬಂದಿದ್ದೀನಿ. ನನಗೇನೂ ದಣಿವಾಗಿಲ್ಲ."