ಬಿದ್ದೆ ಅಂತ ಹೇಳು

೧೯೯೮ರ ಅಕ್ಟೋಬರ್. ಲಂಡನ್ನಿನ ಕೆಂಟನ್ ಬಡಾವಣೆಯ ಅಡಿವೆಪ್ಪನ ಮನೆಯಲ್ಲಿ ಸಂಜೆ ಊಟಕ್ಕೆ ಮೊದಲು ಮಗ್ಗಿ ಹೇಳಲೇಬೇಕು. ಅಡಿವೆಪ್ಪ ಬಿಜಾಪುರದಲ್ಲಿ ತನ್ನ ಅಪ್ಪನ ಮುಂದೆ ಹಾಗೇ ಕಲಿತವನು. ತಪ್ಪಿದರೆ ಅಂಗೈ ಒಡ್ಡಬೇಕು, ಏಟು ತಿನ್ನಬೇಕು, ಮತ್ತೆ ಮೊದಲಿನಿಂದ ಹೇಳಬೇಕು. ಲಂಡನ್ನಿಗೆ ಬಂದ ಮಾತ್ರಕ್ಕೆ ಆ ಪದ್ಧತಿ ಬಿಡುವುದುಂಟೇ? ಎಂಟು ವರ್ಷದ ಮಗಳು ಪ್ರಿಯಾಂಕಾ ಅವತ್ತು ಹದಿನೇಳರ ಮಗ್ಗಿಯಲ್ಲಿ ತಪ್ಪಿದಳು. ಹೆದರಿ ಕೈ ಹಿಂದಕ್ಕೆಳೆದುಕೊಂಡಾಗ ಮರದ ಸ್ಕೇಲು ಮೊಣಕೈಯ ಕೆಳಗೆ ಬಿದ್ದು ಬಾಸುಂಡೆ ಎದ್ದಿತು.

ಮರುದಿನ ಶಾಲೆಯಿಂದ ಮಗಳನ್ನು ಕರೆತಂದ ಹೆಂಡತಿ ಸುವರ್ಣಾಳ ಮುಖ ಬಿಳಿಚಿಕೊಂಡಿತ್ತು.

"ಟೀಚರ್ ಇಕಿ ಕೈ ನೋಡ್ಯಾರ್ರಿ. ಇದು ಹ್ಯಾಂಗಾತು ಅಂತ ಕೇಳಿದ್ರು. ನಾಳೆ ಮುಂಜಾನೆ ಇಬ್ರೂ ಬರ್ರಿ ಅಂದಾರ."

ಅಲ್ಲಿನ ನಗರಾಡಳಿತದ ಕೌನ್ಸಿಲ್‌ನವರು ಏಟು ತಿಂದ ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ಕರೆದೊಯ್ದ ಸುದ್ದಿಗಳನ್ನು ಅಡಿವೆಪ್ಪನೂ ಕೇಳಿದ್ದ. ಲಂಡನ್ನಿನಲ್ಲೇ ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ, ಬೆಂಗಳೂರು ಮೂಲದ ಗೆಳೆಯ ಉದಯಶಂಕರನಿಗೆ ಫೋನ್ ಮಾಡಿದ.

"ಅಪ್ಪ ಮಗಳಿಗೆ ಬುದ್ಧಿ ಕಲಿಸಿದ್ರ ಅದೂ ಅಪರಾಧ ಏನ್ರಿ ಇಲ್ಲಿ?"

"ಅತಿಯಾಗದ ಹಾಗೆ ಹೊಡೆದರೆ ತಪ್ಪಲ್ಲ ಅಂತ ಇಲ್ಲಿನ ಕಾನೂನಿದೆ, ನಿಜ. ಆದ್ರೆ ಹೋದ ತಿಂಗಳು ಪೇಪರ್ ನೋಡ್ಲಿಲ್ವಾ? ಮಲತಂದೆ ಕೈಲಿ ಬೆತ್ತದೇಟು ತಿಂದ ಹುಡುಗನ ಕೇಸು. ಇಲ್ಲಿನ ಕೋರ್ಟು ಆ ಮನುಷ್ಯನನ್ನ ಬಿಟ್ಟುಬಿಡ್ತು. ಹುಡುಗನ ದೂರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರೋ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಯ್ತು. ನಿಮ್ಮ ಕಾನೂನು ಈ ಮಗೂನ ಕಾಪಾಡಲಿಲ್ಲ ಅಂತ ಅವರು ಬ್ರಿಟನ್ನಿಗೇ ಹೇಳಿದ್ರು. ಇನ್ನು ಇಲ್ಲೂ ಕಾನೂನು ಬದಲಾಗ್ಲೇಬೇಕು."

"ಎಲ್ಲೋ ಫ್ರಾನ್ಸಿನ್ಯಾಗಿರೋ ಕೋರ್ಟಿಗೂ ನನ್ನ ಮನಿಗೂ ಏನ್ರೀ ಸಂಬಂಧ?"

"ಆ ಕೋರ್ಟಿನ ಮಾತು ಕೇಳ್ತೀವಿ ಅಂತ ಈ ದೇಶ ಸಹಿ ಹಾಕಿದೆ. ಅಪ್ಪನಿಗೆ ಹಕ್ಕಿದೆ ಅಂತ ನೀವಂತೀರಿ. ಏಟು ತಿನ್ನೋ ಮಗೂಗೂ ಹಕ್ಕಿದೆ ಅಂತ ಅವರಂತಾರೆ. ನಾಳೆ ನಿಜ ಹೇಳಿಬಿಡಿ, ಅಡಿವೆಪ್ಪನವರೇ."

ನಿಜ ಹೇಳುವುದೇ! ಹೇಳಿದರೆ ಮಗಳು ಕೈತಪ್ಪಿ ಹೋದಂತೆಯೇ. ಫೋನ್ ಇಟ್ಟವನೇ ಅವಳನ್ನು ಎದುರಿಗೆ ನಿಲ್ಲಿಸಿಕೊಂಡ.

"ಮೆಟ್ಟಲ ಮ್ಯಾಲಿಂದ ಬಿದ್ದೆ ಅಂತ ಹೇಳಬೇಕು. ತಿಳೀತಿಲ್ಲೋ? ಈಗ ಹೇಳು, ಏನಾತು?"

"ಐ ಫೆಲ್ ಡೌನ್ ದ ಸ್ಟೇರ್ಸ್."

"ಯಾವಾಗ?"

"ಯೆಸ್ಟರ್‌ಡೇ... ಆಫ್ಟರ್ ಮಗ್ಗಿ."

"ಮಗ್ಗಿ ಸುದ್ದಿ ಯಾಕ ತಗೀತಿ? ತಪ್ಪಾತು! ಮತ್ತ ಮೊದಲಿಂದ ಹೇಳು."

ಪ್ರಿಯಾಂಕಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಂಗೈ ಮುಂದಕ್ಕೆ ಒಡ್ಡಿದಳು. ತಪ್ಪಿದ್ದಾಳಲ್ಲ!

ಅಡಿವೆಪ್ಪ ಆ ಅಂಗೈಯನ್ನೇ ನೋಡಿದ. ಮಗಳನ್ನು ಯಾರೋ ಕಸಿದುಕೊಳ್ಳುತ್ತಾರೆಂದು ತಾನು ಹೆದರಿ ಸಾಯುತ್ತಿದ್ದರೆ, ಅವಳು ದಿನಾ ಸಂಜೆ ಹೆದರುತ್ತಿದ್ದುದು ತನಗೇ. ಅಯ್ಯೋ ದೇವರೇ ಎನಿಸಿತು.

"ಕೈ ಇಳಿಸವ್ವಾ," ಎಂದ. ನಿಜ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

ಬೆಳಿಗ್ಗೆ ಶಾಲೆಯಲ್ಲಿ ಟೀಚರ್ ಮಗುವಿನ ಕಡೆ ಬಗ್ಗಿ, ಕೈಗೆ ಏನಾಯಿತೆಂದು ಮೆಲ್ಲಗೆ ಕೇಳಿದರು. ಪ್ರಿಯಾಂಕಾ ಅಪ್ಪನ ಮುಖ ನೋಡಿದಳು. ಆಮೇಲೆ ಒಂದಕ್ಷರ ತಪ್ಪದೆ ಒಪ್ಪಿಸಿದಳು, "ಐ ಫೆಲ್ ಡೌನ್ ದ ಸ್ಟೇರ್ಸ್."

ಸರಿಯಾಗಿ ಹೇಳಿದೆನೇ ಎಂದು ಮತ್ತೆ ಅಪ್ಪನತ್ತ ತಿರುಗಿದಳು.

"ಇಲ್ಲ," ಎಂದ ಅಡಿವೆಪ್ಪ. ಸುವರ್ಣಾ ಗಾಬರಿಯಿಂದ ಅವನ ತೋಳು ಹಿಡಿದುಕೊಂಡಳು. ತನಗೆ ಬರುವ ಇಂಗ್ಲಿಷಿನಲ್ಲೇ ಟೀಚರಿಗೆ ಹೇಳಿದ:

"ಅವಳು ಬಿದ್ದಿಲ್ಲ. ನಾನು ಹೊಡೆದೆ."