ಕಲ್ಲು ಆರಿಸಿದ ಅಳಿಯ

ಅಳಿಯನಿಗೆ ಉಬ್ಬುತಗ್ಗು ಕಂಡರೆ ಆಗುತ್ತಿರಲಿಲ್ಲ. ಅವನ ಕಸುಬು ಮನೆಗಳಿಗೆ ಟೈಲ್ಸ್ ಕೂರಿಸುವುದು. ಊಟಕ್ಕೆ ಕೂತರೂ ಮೊದಲು ಮೇಜು ಅಲುಗಾಡುತ್ತದೆಯೇ ಎಂದು ನೋಡಿ, ಅದರ ಕಾಲಿನಡಿ ಕಾಗದ ಮಡಿಸಿಟ್ಟು, ಆಮೇಲೆಯೇ ತಟ್ಟೆಗೆ ಕೈ ಹಾಕುವವನು. ಇಂಥವನು ಮದುವೆಯಾಗಿ ಬಂದು ಸೇರಿದ್ದು, ಎಂದೋ ತಣ್ಣಗಾದ ಜ್ವಾಲಾಮುಖಿಯ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಮನೆಗೆ.

ಆ ಮನೆಯಲ್ಲಿ ಅತ್ತೆಯದೇ ಕಾರುಬಾರು. ಮನೆಯ ಹಿಂದಿನ ಮೇಲ್ತೋಟದಲ್ಲಿ ಸಿರಾ ಎಂಬ ಕಪ್ಪು ದ್ರಾಕ್ಷಿಯ ಹಳೆಯ ಬಳ್ಳಿಗಳಿದ್ದವು. ಅಲ್ಲಿ ಮಣ್ಣನ್ನು ಹುಡುಕಬೇಕು. ಎಲ್ಲಿ ನೋಡಿದರೂ ಬೆಟ್ಟ ಉಗುಳಿದ ತೂತುತೂತಾದ ಕರಿಗಲ್ಲು. ಬಳ್ಳಿಗಳು ಕುಳ್ಳು, ಗೊಂಚಲು ಚಿಕ್ಕದು, ಹಣ್ಣು ಬಟಾಣಿಗಿಂತ ತುಸು ದಪ್ಪ ಅಷ್ಟೆ. ವೈನ್ ಮಾತ್ರ ಬಾಯಿಗಿಟ್ಟರೆ ಮೊದಲು ಕಾಳುಮೆಣಸು, ಹಿಂದೆಯೇ ಹೊಗೆ, ಕೊನೆಗೆ ಮಳೆಯಲ್ಲಿ ನೆನೆದ ಕಬ್ಬಿಣದ ಗೇಟಿನ ವಾಸನೆ. ಅತ್ತೆಯ ಮಾತೂ ಹೆಚ್ಚುಕಡಿಮೆ ಅದೇ ಜಾತಿಯದು.

ಒಂದು ಚಳಿಗಾಲ ಅತ್ತೆ ಮಂಡಿಯ ಆಪರೇಷನ್‌ಗೆಂದು ಪಟ್ಟಣಕ್ಕೆ ಹೊರಟರು. ನೋಡಿಕೊಳ್ಳಲು ಮಗಳೂ ಜೊತೆಗೆ ಹೋದಳು. ಬಸ್ ಹತ್ತುವಾಗ ಅತ್ತೆ ಅಳಿಯನ ಕಡೆ ತಿರುಗಿ, "ತೋಟ ಚೆನ್ನಾಗಿ ನೋಡ್ಕೋ" ಎಂದರು. ಅವನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟ.

"ಮಾವ, ಮೇಲ್ತೋಟದ ಕಲ್ಲೆಲ್ಲ ತೆಗೆದುಬಿಟ್ರೆ ಹೇಗೆ? ಅದರ ಮೇಲೆ ನಡೆದೂ ನಡೆದೂ ಅಲ್ವಾ ಅತ್ತೆಗೆ ಮಂಡಿ ಹೋಗಿದ್ದು?"

ಮಾವ ಮದುವೆಯಾದಂದಿನಿಂದ ಯಾವುದಕ್ಕೂ ಬೇಡ ಎಂದವರಲ್ಲ. "ನಿಂಗೆ ಸರಿ ಅನ್ಸಿದ್ರೆ ಮಾಡಪ್ಪ" ಎಂದು ಪೇಪರಿನ ಪುಟ ತಿರುಗಿಸಿದರು.

ಅಳಿಯ ಕೈಗಾಡಿ ತಂದ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆಯಿಂದ ತೋಟವನ್ನೆಲ್ಲ ಆರಿಸಿದ. ಕಲ್ಲು ಹೋದ ಜಾಗಕ್ಕೆ ಹೊಳೆದಂಡೆಯ ಮೆತ್ತನೆ ಮಣ್ಣು ಹೊಡೆಸಿದ, ಗೊಬ್ಬರ ಹರಡಿದ. ಆರಿಸಿದ ಕಲ್ಲುಗಳಿಂದ ತೋಟದ ಸುತ್ತ ಗೋಡೆ ಕಟ್ಟಿ, ಮಟ್ಟಗೋಲು ಇಟ್ಟು ನೋಡಿದ. ಎಲ್ಲೂ ಕೂದಲೆಳೆಯಷ್ಟು ವಾಲಿರಲಿಲ್ಲ.

ಬಳ್ಳಿ ಚಿಗುರುವ ಹೊತ್ತಿಗೆ ಅತ್ತೆ ಊರುಗೋಲು ಊರಿಕೊಂಡು ವಾಪಸ್ ಬಂದರು. ನೇರ ತೋಟಕ್ಕೇ ಹೋಗಿ ನಿಂತರು.

"ಕಲ್ಲೆಲ್ಲಿ?"

"ಗೋಡೆ ಕಟ್ಟಿದೀನಿ ಅತ್ತೆ. ನೀವಿನ್ನು ಬರಿಗಾಲಲ್ಲೂ ಓಡಾಡ್ಬಹುದು."

ಅತ್ತೆ ಗೋಡೆಯನ್ನು ಊರುಗೋಲಿನಿಂದ ತಟ್ಟಿ ನೋಡಿ, "ಗೋಡೆ ಚೆನ್ನಾಗಿದೆ" ಎಂದು ಒಳಗೆ ಹೋದರು. ಅಳಿಯ ಹಿಗ್ಗಿ ಹೀರೇಕಾಯಿಯಾದ. ಹೆಂಡತಿ ಮಾತ್ರ ಹಣೆ ಚಚ್ಚಿಕೊಂಡಳು.

"ಅಮ್ಮ ಏನನ್ನಾದ್ರೂ ಹೊಗಳಿದ್ದು ನಾನು ಕೇಳಿದ್ದು ಇದೇ ಮೊದಲು. ನಿನ್ನ ಕಥೆ ಮುಗೀತು."

"ಯಾಕೆ? ನಾನೇನು ತಪ್ಪು ಮಾಡ್ದೆ?"

"ಆ ಕಲ್ಲು ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ಬಳ್ಳಿಗೆ ಕಾವು ಕೊಡುತ್ತೆ. ನೀರು ನಿಲ್ಲೋಕೆ ಬಿಡಲ್ಲ. ಬೇರು ಬಿರುಕಲ್ಲಿ ನುಗ್ಗಿ ಕೆಳಗೆಲ್ಲೋ ಹೋಗಿ ನೀರು ಹುಡುಕ್ಬೇಕು. ಕಷ್ಟಪಟ್ಟಿದ್ದಕ್ಕೇ ಹಣ್ಣು ಸಣ್ಣದಾಗಿ, ಸಿಪ್ಪೆ ದಪ್ಪ ಆಗೋದು. ಮೆಣಸು, ಹೊಗೆ ಎಲ್ಲಾ ಆ ಸಿಪ್ಪೇಲಿ ಇರೋದು. ನೀನು ಅದಕ್ಕೆ ಹಾಸಿಗೆ ಹಾಸಿ ಮಲಗಿಸಿಬಿಟ್ಟಿದೀಯ."

"ಯಾರೂ ಹೇಳ್ಲೇ ಇಲ್ವಲ್ಲ ನಂಗೆ."

"ಬೆಟ್ಟದಲ್ಲಿ ಕಲ್ಲು ಆರಿಸೋ ಮನುಷ್ಯ ಇರ್ತಾನೆ ಅಂತ ಯಾರಿಗೆ ಗೊತ್ತಿತ್ತು?"

ಅವನು ಅಂದೇ ಗೋಡೆ ಕೆಡವಲು ಹೊರಟ. ಅತ್ತೆ ಕಿಟಕಿಯಿಂದಲೇ ತಡೆದರು. "ಈಗ ಬೇಡ, ಚಿಗುರು ಮುರಿದೀಯ. ಈ ವರ್ಷ ಏನು ಕೊಡುತ್ತೋ ನೋಡೋಣ."

ಕೊಟ್ಟಿತು, ಧಾರಾಳವಾಗಿಯೇ ಕೊಟ್ಟಿತು. ಬಳ್ಳಿಗಳು ತವರಿಗೆ ಬಂದ ಮಗಳಂತೆ ಮೈ ತುಂಬಿಕೊಂಡವು. ಗೊಂಚಲುಗಳು ಜೋತುಬಿದ್ದವು, ಹಣ್ಣು ಗುಂಡಗುಂಡಗಾಯಿತು. ನೋಡಿದಾಗಲೆಲ್ಲ ಅಳಿಯನಿಗೆ ಒಳಗೊಳಗೇ ಖುಷಿ. ಖುಷಿಯಾಯಿತಲ್ಲ ಎಂದು ನಾಚಿಕೆ.

ಆ ವೈನ್ ಪೀಪಾಯಿಯಲ್ಲಿ ಕೂತು ಹದಕ್ಕೆ ಬಂದಾಗ, ಪ್ರತಿ ವರ್ಷ ಕೊಳ್ಳುವ ವ್ಯಾಪಾರಿ ರುಚಿ ನೋಡಲು ಬಂದ. ಮನೆಯವರೆಲ್ಲ ನೆಲಮಾಳಿಗೆಗೆ ಇಳಿದರು. ವ್ಯಾಪಾರಿ ಗ್ಲಾಸು ತಿರುಗಿಸಿದ, ಮೂಸಿದ, ಒಂದು ಗುಟುಕು ಬಾಯಲ್ಲಿ ಹೊರಳಿಸಿದ. ಮತ್ತೆ ಮೂಸಿದ.

"ಮನೇಲಿ ಯಾರಿಗಾದ್ರೂ ಹುಷಾರಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದ.

"ಯಾಕೆ?" ಎಂದರು ಅತ್ತೆ.

"ತಪ್ಪೇನಿಲ್ಲ. ತುಂಬಾ ಒಳ್ಳೆ ನಡತೆಯ ವೈನು. ಕರೆದ್ರೆ ಬರುತ್ತೆ, ಕೂರು ಅಂದ್ರೆ ಕೂರುತ್ತೆ. ನಿಮ್ಮದು ಅಂತ ಮಾತ್ರ ಅನ್ಸಲ್ಲ."

ಅಳಿಯ ಒಂದು ಹೆಜ್ಜೆ ಮುಂದೆ ಬಂದ. "ತಪ್ಪು ನಂದು, ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ" ಎಂದ.

ಆಗ ಮೂಲೆಯ ಸ್ಟೂಲಿನಿಂದ ಮಾವ ಕೈ ಚಾಚಿದರು. "ಯಾರೂ ಹಾಕ್ಕೊಳ್ದಿದ್ರೆ ನಾನೇ ಹಾಕ್ಕೋತೀನಿ. ಇನ್ನೊಂದು ಸ್ವಲ್ಪ ಕೊಡಿ." ಅವರ ಗ್ಲಾಸು ಆಗಲೇ ಖಾಲಿಯಾಗಿತ್ತು.

ಎಲ್ಲರೂ ತಿರುಗಿ ನೋಡಿದರು. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನಂಗಿದು ಹಿಡಿಸ್ತು."

"ಇಷ್ಟು ವರ್ಷ ನಾನು ಮಾಡಿದ್ದು?" ಎಂದರು ಅತ್ತೆ.

"ಕುಡೀತಿದ್ದೆ. ಕಿವಿಯಲ್ಲಿ ಹೊಗೆ ಬರ್ತಿತ್ತು. ನೀನು ಎದುರಿಗೇ ನಿಂತು ಮುಖ ನೋಡ್ತಿದ್ದೆ. ನಾನೇನು ಹೇಳ್ಲಿ?"

ಅತ್ತೆ ಗ್ಲಾಸು ಕೆಳಗಿಟ್ಟು ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ವಿಚಿತ್ರ ಸದ್ದು ಕೇಳಿ, ಅಳುತ್ತಿದ್ದಾರೆಂದು ಮಗಳು ಓಡಿದಳು. ಅತ್ತೆ ತೋಟದ ಗೋಡೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಿಮ್ಮಪ್ಪ ನೋಡೇ" ಎಂದರು ಕಣ್ಣೊರೆಸಿಕೊಂಡು. "ಇಷ್ಟಪಟ್ಟೇ ಕುಡೀತಾರೆ ಅಂತ ನಾನು ನಂಬಿಬಿಟ್ಟಿದ್ನಲ್ಲ."

ಬಳ್ಳಿಗಳು ಎಲೆ ಉದುರಿಸಿದ ಮೇಲೆ ಗೋಡೆ ಕೆಡವಿದರು. ಮೇಲಿನ ಮಣ್ಣು ಕೆರೆದು ತರಕಾರಿ ಮಡಿಗೆ ಹಾಕಿ, ಕಲ್ಲುಗಳನ್ನು ತೋಟಕ್ಕೆ ಸಾಗಿಸಿದರು. ಅಳಿಯ ಬೆಳಗ್ಗೆಯೆಲ್ಲ ಕೂತು ಅವನ್ನು ಸಾಲಾಗಿ, ಸಂದು ಕೂಡಿಸಿ ಜೋಡಿಸುತ್ತಿದ್ದ. ಅತ್ತೆ ಬಂದು ಹೊಸ ಮಂಡಿಯ ಕಾಲಿನಿಂದಲೇ ಒದ್ದು ಚೆಲ್ಲಾಪಿಲ್ಲಿ ಮಾಡಿದರು.

"ಬಿಸಾಕು ಅಂದ್ರೆ ಬಿಸಾಕು. ಬೆಟ್ಟ ಉಗುಳುವಾಗ ದಾರ ಹಿಡ್ಕೊಂಡು ಉಗುಳಿತ್ತಾ?"

ಅವನು ಕಣ್ಣು ಮುಚ್ಚಿ ಒಂದು ಕಲ್ಲು ಎಸೆದ. ಎದೆ ಚುರ್ರೆಂದಿತು. ಎರಡನೆಯದಕ್ಕೆ ಅಷ್ಟಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಿಳ್ಳೆ ಹಾಕುತ್ತಾ ಎಸೆಯುತ್ತಿದ್ದ.

ಮನೆಗೆ ಹತ್ತಿರದ ಕೆಲವು ಸಾಲುಗಳನ್ನು ಮಾತ್ರ ಅತ್ತೆ ಮುಟ್ಟಲು ಬಿಡಲಿಲ್ಲ. "ಅದು ನಿಮ್ಮ ಮಾವಂದು. ಅಲ್ಲಿಗೆ ಕಲ್ಲು ಬೀಳಬಾರ್ದು" ಎಂದರು.

ಮೆಣಸು ಒಂದೇ ಸಲಕ್ಕೆ ಮರಳಲಿಲ್ಲ. ಮುಂದಿನ ಕೊಯ್ಲಿನಲ್ಲಿ ಹೊಗೆ ಬಂತು. ಅದರ ಮುಂದಿನದರಲ್ಲಿ ನಾಲಿಗೆಯ ತುದಿ ಚುರುಗುಟ್ಟಿತು. ವ್ಯಾಪಾರಿ ಒಂದು ಗುಟುಕಿಗೇ ಕೆಮ್ಮಿ, "ಹಾಂ, ಈಗ ಹುಷಾರಾಗಿದೆ" ಎಂದು ಇದ್ದಷ್ಟನ್ನೂ ಕೊಂಡ.

ಅಂದು ಊಟದ ಮೇಜಿನ ಮೇಲೆ ಎರಡು ಬಾಟಲಿ ಇದ್ದವು. ಅತ್ತೆ ತಮ್ಮದನ್ನು ಕುಡಿದು, ಗಂಡನ ಗ್ಲಾಸಿಗೆ ಕೈ ಹಾಕಿ ಒಂದು ಗುಟುಕು ನೋಡಿದರು.

"ಸಪ್ಪೆ" ಎಂದರು.

"ಸಪ್ಪೇನೇ" ಎಂದು ಮಾವ ಒಪ್ಪಿದರು.

ಅತ್ತೆ ಇನ್ನೊಂದು ಗುಟುಕು ಕುಡಿದರು.