ಉಪ್ಪಿನ ಡಬ್ಬಿಯ ಮುಚ್ಚಳ

ಚರ್ಚಿನಲ್ಲಿ ನನ್ನನ್ನು ಪಾಠದಕ್ಕ ಎನ್ನುತ್ತಾರೆ. ಪ್ರತಿ ಭಾನುವಾರ ಆರಾಧನೆ ಮುಗಿಯುವ ಮೊದಲು ಪಾಸ್ಟರು ನನ್ನ ಕಡೆ ನೋಡಿ ತಲೆಯಾಡಿಸುತ್ತಾರೆ. ನಾನು ಎದ್ದು ನಿಂತು, ಆ ವಾರ ಕಣ್ಣಿಗೆ ಬಿದ್ದ ಯಾವುದೋ ಸಣ್ಣ ಸಂಗತಿಯಲ್ಲಿ ದೇವರು ನನಗೆ ಏನು ಕಲಿಸಿದನೆಂದು ಹೇಳಬೇಕು. ತೊಟ್ಟಿಕ್ಕುವ ನಲ್ಲಿಯಿಂದ ತಾಳ್ಮೆ ಕಲಿತಿದ್ದೇನೆ, ಕುಂಟು ಮೇಜಿನಿಂದ ನಂಬಿಕೆ. ಜೋಡಿ ತಪ್ಪಿದ ಒಂದು ಕಾಲುಚೀಲದಿಂದ ಹೊರಟು ಕಳೆದುಹೋದ ಕುರಿಯ ತನಕ ಹೋಗಿ ಬಂದ ಭಾನುವಾರ ಜನ ಕಣ್ಣೊರೆಸಿಕೊಂಡಿದ್ದರು. ಅತ್ತಿಗೆ ಮಾತ್ರ, "ನಿನ್ನ ಕೈಗೆ ಸಿಕ್ಕಿದ್ರೆ ಪೊರಕೆಗೂ ರಕ್ಷಣೆ ಸಿಕ್ಬಿಡುತ್ತೆ ಕಣೇ" ಎಂದು ಛೇಡಿಸುತ್ತಿದ್ದಳು.

ನಗುತ್ತಿದ್ದೆ. ಒಳಗೊಳಗೇ ಉಬ್ಬುತ್ತಲೂ ಇದ್ದೆ. ಹೊಗಳಿಕೆಯ ರುಚಿ ಹತ್ತಿದ ನಾಲಿಗೆ ಸುಮ್ಮನಿರುವುದಿಲ್ಲ. ನನ್ನ ನಾಲಿಗೆ ಕೊನೆಗೆ ಒಡಹುಟ್ಟಿದವನನ್ನೇ ತಿಂದಿತು.

ಅಣ್ಣನದು ಬೇಕರಿ. ನನ್ನ ಗಂಡ ತೀರಿಕೊಂಡ ವರ್ಷ "ಬಾ, ಇಲ್ಲೇ ಇರು" ಎಂದು ಒಂದೇ ಮಾತಿನಲ್ಲಿ ಕರೆದು, ಒಲೆಮನೆಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟವನು ಅವನು. ಅವನೂ ಅತ್ತಿಗೆಯೂ ಮಹಡಿಯ ಮೇಲಿರುತ್ತಾರೆ. ನನ್ನ ಮಂಚಕ್ಕೂ ಅವನು ಹಿಟ್ಟು ನಾದುವ ಮೇಜಿಗೂ ನಡುವೆ ಒಂದು ಹಲಗೆಯ ಗೋಡೆ ಅಷ್ಟೆ. ಅವನು ಆ ಕಡೆ ಕೆಮ್ಮಿದರೆ ಈ ಕಡೆ ನನಗೆ ಎಚ್ಚರವಾಗುತ್ತದೆ.

ಕಳೆದ ಚಳಿಗಾಲದಲ್ಲಿ ಅವನಿಗೆ ಕೆಟ್ಟ ಜ್ವರ ಬಂದಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಕರೆದುಕೊಂಡು ಹೋಯಿತು. ವಾಸನೆ ಇಲ್ಲ, ರುಚಿ ಇಲ್ಲ. ಬಿಸಿ ರೊಟ್ಟಿಯೂ ಒಂದೇ, ಒದ್ದೆ ರಟ್ಟೂ ಒಂದೇ. ಒಂದು ಬೆಳಿಗ್ಗೆ ನನ್ನನ್ನು ಮೇಜಿನ ಹತ್ತಿರ ಕರೆದು ಪಿಸುಗುಟ್ಟಿದ:

"ಯಾರಿಗೂ ಹೇಳ್ಬೇಡ. ನಿಮ್ಮತ್ತಿಗೆಗೂ ಬೇಡ, ಸುಮ್ನೆ ಹೆದರ್ಕೋತಾಳೆ. ಬೇಕರಿಯವನಿಗೆ ಮೂಗಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕಿದ ಹಾಗೇ. ದಿನಾ ನೀನೊಂದು ಚೂರು ಬಾಯಿಗೆ ಹಾಕ್ಕೊಂಡು ನೋಡು, ಅಷ್ಟು ಸಾಕು."

ಉಪ್ಪನ್ನು ತೂಗಿ ಹಾಕುವುದು ಅವನಿಗೆ ಅವಮಾನ. ಅಪ್ಪ ಕಲಿಸಿದ್ದು ಕೈಯಳತೆ. ಹಿಡಿ ತುಂಬ ಎತ್ತಿ ಹಾಕುತ್ತಾನೆ, ನಾದುತ್ತಾನೆ, ಒಂದು ಚೂರು ಕಿತ್ತು ನಾಲಿಗೆಗಿಟ್ಟು ನೋಡುತ್ತಾನೆ. ಆ ಕೊನೆಯ ಕೆಲಸ ನನ್ನದಾಯಿತು. ಅವನು ಹಿಟ್ಟಿನ ಚೂರು ಚಾಚುತ್ತಿದ್ದ, ನಾನು ಚಪ್ಪರಿಸಿ "ಹೂಂ" ಎನ್ನುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು, ಒಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ಆ ಶನಿವಾರ ಬಂತು. ನನ್ನ ಹತ್ತಿರ ಪಾಠವೇ ಇರಲಿಲ್ಲ. ನಲ್ಲಿ ರಿಪೇರಿಯಾಗಿತ್ತು, ಮೇಜಿನ ಕಾಲಿಗೆ ರಟ್ಟು ಸಿಕ್ಕಿಸಿಯಾಗಿತ್ತು. ಕಿಟಕಿ ನೋಡಿದೆ, ಕಸದ ಬುಟ್ಟಿ ನೋಡಿದೆ, ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಅಣ್ಣ ಗುನುಗುತ್ತಾ ತಟ್ಟೆಗಳಿಗೆ ಎಣ್ಣೆ ಸವರುವುದು ಕೇಳಿಸಿತು. ಅಯ್ಯೋ, ಇಷ್ಟು ದೊಡ್ಡ ಪಾಠ ಪಕ್ಕದಲ್ಲೇ ಇದೆಯಲ್ಲ, ನಾನೆಂಥ ಕುರುಡಿ ಅಂದುಕೊಂಡೆ.

ಅವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದ. ಅದಕ್ಕೇ ಕೇಳಲಿಲ್ಲ. ಉಳಿದದ್ದನ್ನೆಲ್ಲ ಹೇಗೆ ಬೇಕಾದರೂ ತಿರುಚಿಕೊಳ್ಳಬಹುದು, ಇದೊಂದನ್ನು ಮಾತ್ರ ಆಗುವುದಿಲ್ಲ.

"ನಾನೊಬ್ಬ ಬೇಕರಿಯವನನ್ನು ಬಲ್ಲೆ" ಎಂದು ಮರುದಿನ ಸಭೆಯಲ್ಲಿ ಶುರು ಮಾಡಿದೆ. "ಅವನಿಗೆ ರುಚಿ ಗೊತ್ತಾಗಲ್ಲ, ವಾಸನೆ ಗೊತ್ತಾಗಲ್ಲ. ಆದ್ರೂ ದಿನಾ ನಸುಕಿನಲ್ಲೆದ್ದು, ತನಗೆ ಸಿಗದ ರುಚಿನ ಬೇರೆಯವರಿಗೋಸ್ಕರ ಮಾಡ್ತಾನೆ. ಕಾಣದ್ದನ್ನ ನಂಬೋದು ಅಂದ್ರೆ ಇದೇ ಅಲ್ವಾ?"

ಹೆಸರು ಹೇಳಲಿಲ್ಲ. ಆಹಾ, ಎಂಥ ಜಾಣತನ! ನಮ್ಮ ಸಭೆಯಲ್ಲಿ ಬೇಕರಿಯವನು ಇರುವುದೇ ಒಬ್ಬ. ಹಿಂದಿನ ಸಾಲಿನಿಂದ ಯಾರೋ "ಆಮೆನ್" ಅಂದರು. ಮೂರನೆಯ ಬೆಂಚಿನಲ್ಲಿ ಅಣ್ಣನ ಕಿವಿ ಕೆಂಪಾಯಿತು. ಅತ್ತಿಗೆ ನಿಧಾನವಾಗಿ ಅವನ ಕಡೆ ತಿರುಗಿದಳು. ಎರಡೂ ನನಗೆ ಕಾಣಿಸಿತು. ಆದರೂ ಮಾತು ನಿಲ್ಲಿಸಲಿಲ್ಲ, ಕೊನೆಯ ವಾಕ್ಯ ಚೆನ್ನಾಗಿತ್ತಲ್ಲ, ಅದನ್ನೂ ಹೇಳಿಯೇ ಕೂತೆ.

ಮನೆಗೆ ಬಂದದ್ದೇ ಅತ್ತಿಗೆ ಗಂಡನನ್ನು ಹಿಡಿದುಕೊಂಡಳು. "ಇಷ್ಟು ತಿಂಗಳು ನಾನು ಮಾಡಿ ಹಾಕಿದ್ದನ್ನ 'ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ' ಅಂತ ತಿಂದ್ರಲ್ಲ, ಎಲ್ಲಾ ನಾಟಕಾನಾ? ಮೊನ್ನೆ ಸಾರು ತಳ ಹತ್ತಿತ್ತು. ಅದಕ್ಕೂ ಚೆನ್ನಾಗಿದೆ ಅಂದ್ರಿ!" ಅಂದಳು. ನಗು ಬರುವ ಮಾತೇ. ಆದರೆ ಅಳುತ್ತಾ ಅಂದಳು. ತಂಗಿಗೆ ಹೇಳಿದ್ದನ್ನು ಹೆಂಡತಿಗೆ ಹೇಳಲಿಲ್ಲ ಎಂಬುದು ಅವಳಿಗೆ ಚುಚ್ಚಿತ್ತು. ಅದನ್ನು ಅವಳು ಊರ ಮುಂದೆ ಕೂತು ಕೇಳಿಸಿಕೊಳ್ಳಬೇಕಾಯಿತು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಬಣ್ಣ ಕೆಟ್ಟದ್ದು ನನ್ನದಲ್ಲ, ಅವನ ಅಂಗಡಿಯದು. ಸೋಮವಾರ ಗಿರಾಕಿಗಳು ರೊಟ್ಟಿಯನ್ನು ಕೈಗೆತ್ತಿಕೊಂಡು ಮೂಸಿ ನೋಡತೊಡಗಿದರು. "ಒಳ್ಳೇದೇ ಇದೆ, ಸುಮ್ನೆ ನೋಡಿದೆ" ಎಂದು ಹಲ್ಲು ಕಿರಿಯುತ್ತಿದ್ದರು. ಶಿಶುವಿಹಾರದ ಟೀಚರ್ ಬಂದು, ಬನ್ನು ಇನ್ನು ಬೇಡ ಅಂದರು. "ಮಕ್ಕಳು ತಿನ್ನೋದಲ್ವಾ, ತಪ್ಪು ತಿಳ್ಕೋಬೇಡಿ. ಆದ್ರೆ ನಿಮ್ಮ ಪಾಠ ಮಾತ್ರ ಬಹಳ ಚೆನ್ನಾಗಿತ್ತು ಅಕ್ಕ" ಎಂದು ನನ್ನ ಕೈ ಒತ್ತಿ ಹೋದರು. ಅಣ್ಣ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ.

ಸಂಜೆ ಅವನ ಮುಂದೆ ನಿಂತೆ. "ತಪ್ಪಾಯ್ತು ಅಣ್ಣ, ಹೊಟ್ಟೆಗೆ ಹಾಕ್ಕೋ. ನಿನ್ನನ್ನ ಹೊಗಳೋಣ ಅಂತಲೇ ಹೇಳಿದ್ದು. ಬೈಬಲ್ನಲ್ಲಿ ಯೋಸೇಫನಿಗೂ ಅವನ ಅಣ್ಣಂದಿರು..."

"ಇದರಲ್ಲೂ ಪಾಠ ಹುಡುಕ್ತೀಯಾ?" ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಹೊಗಳಿದ್ದೀಯ, ಸಂತೋಷ. ನಾಳೆಯಿಂದ ಹಿಟ್ಟಿನ ಹತ್ರ ಬರ್ಬೇಡ. ಕೌಂಟರ್ ನೋಡ್ಕೋ."

ಆ ವಾರವೆಲ್ಲ ಅವನು ಯಾರಿಗೂ ಹಿಟ್ಟು ಚಾಚಲಿಲ್ಲ. ಹೆಂಡತಿಯನ್ನೂ ಕರೆಯಲಿಲ್ಲ, ಅವಳೂ ಮಹಡಿ ಇಳಿಯಲಿಲ್ಲ. ಉಪ್ಪು ಹಾಕುವಾಗ ಗಟ್ಟಿಯಾಗಿ "ಉಪ್ಪು ಆಯ್ತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಾನು ಕೌಂಟರಿನ ಹಿಂದೆ ನಿಂತು, ಅದನ್ನು ಕೇಳಿಸಿಕೊಂಡು ಸಾಯುತ್ತಿದ್ದೆ.

ಮುಂದಿನ ಭಾನುವಾರ ಕರ್ತನ ಭೋಜನವಿತ್ತು, ಸಭೆಯವರೆಲ್ಲ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಂಡು ತಿನ್ನುವ ದಿನ. ಅದಕ್ಕೆ ಬೇಕಾದ ರೊಟ್ಟಿ ಅಪ್ಪನ ಕಾಲದಿಂದ ನಮ್ಮ ಒಲೆಯಿಂದಲೇ ಹೋಗುತ್ತದೆ. ಶುಕ್ರವಾರ ಸಭೆಯ ಹಿರಿಯರಾದ ನಿವೃತ್ತ ಹೆಡ್ಮಾಸ್ತರರು ಅಂಗಡಿಗೆ ಬಂದು ನನ್ನೆದುರು ಗಂಟಲು ಸರಿಮಾಡಿಕೊಂಡರು. "ಈ ಸಲ ರೊಟ್ಟಿ ಬೇರೆ ಕಡೆಯಿಂದ ತರಿಸಿದ್ರೆ ಹೇಗಮ್ಮ? ನಿಮ್ಮಣ್ಣನಿಗೂ ಒಂಚೂರು ವಿಶ್ರಾಂತಿ."

ಅಣ್ಣ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದ. "ಸರ್, ನನ್ನ ಮೂಗು ಹೋಗಿದೆ, ಕೈ ಹೋಗಿಲ್ಲ. ಭಾನುವಾರ ರೊಟ್ಟಿ ಬರುತ್ತೆ" ಎಂದು ಹೇಳಿ ಒಳಗೆ ಹೋದ. ಆ ಒಂದು ರೊಟ್ಟಿ ಸರಿಯಾಗಿ ಬಂದರೆ ಜನ ಬಾಯಿ ಮುಚ್ಚುತ್ತಾರೆ, ಕೆಟ್ಟರೆ ಅವನ ಹೆಸರು ಮತ್ತೆ ಏಳುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ನಸುಕಿನಲ್ಲಿ ನನಗೆ ಎಚ್ಚರವಿತ್ತು. ಗೋಡೆಯಾಚೆ ಹಿಟ್ಟು ಜರಡಿ ಹಿಡಿಯುವ ಸದ್ದು ಕೇಳಿಸಿತು, ಆಮೇಲೆ ನೀರು ಸುರಿದದ್ದು. ಆಮೇಲೆ ಉಪ್ಪಿನ ಡಬ್ಬಿಯ ಮುಚ್ಚಳ. ಅದು ಬಿಗಿ ಮುಚ್ಚಳ, ತೆಗೆದರೆ ಟಪ್ ಎಂದು ಸದ್ದು ಮಾಡುತ್ತದೆ. "ಉಪ್ಪು ಆಯ್ತು" ಎನ್ನುವಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದಾಯಿತು. ಹಿಟ್ಟಿನ ಮೂಟೆಯ ಗಾಡಿ ಬಂದಿತ್ತು. ಮೂಟೆ ಇಳಿಸಿದರು, ಗಾಡಿಯವನು ಏನೋ ತಕರಾರು ತೆಗೆದ, ಅಣ್ಣ ರೇಗಿದ. ಒಳಗೆ ಬಂದ. ಸ್ವಲ್ಪ ಹೊತ್ತು ಏನೂ ಇಲ್ಲ.

ಟಪ್.

ಎದ್ದು ಕೂತೆ. ಎರಡನೆಯ ಸಲ. ನಾಲಿಗೆಗಿಟ್ಟು ನೋಡುವಂತಿಲ್ಲ, ಹಾಕಿದ್ದು ನೆನಪಿಲ್ಲ, ಮತ್ತೆ ಹಾಕಿದ. ಚೆಲ್ಲಿ ಬೇರೆ ಹಿಟ್ಟು ಕಲಸುವುದಕ್ಕೆ ಇನ್ನೂ ಹೊತ್ತಿತ್ತು. ಹಲಗೆ ತಟ್ಟಿ "ಅಣ್ಣಾ, ಎರಡು ಸಲ ಆಯ್ತು" ಅಂದಿದ್ದರೆ ಮುಗಿಯುತ್ತಿತ್ತು.

ನಾನು ಕಂಬಳಿ ಎಳೆದುಕೊಂಡು ಮಲಗಿದೆ. ಹತ್ತಿರ ಬರಬೇಡ ಅಂದಿದ್ದಾನಲ್ಲ, ಹೋದರೆ ಬೈಯುತ್ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಅದು ಸುಳ್ಳು. ಅಡಿಯಲ್ಲಿ ಇನ್ನೊಂದು ಮಾತಿತ್ತು. ನಾನಿಲ್ಲದೆ ಹೇಗೆ ಮಾಡುತ್ತಾನೋ ನೋಡೋಣ ಎಂಬ ಮಾತು. ಸುಮ್ಮನಿರಬೇಕಾದಾಗ ಇಡೀ ಸಭೆಗೆ ಕೇಳುವಂತೆ ಮಾತಾಡಿದ ಈ ಬಾಯಿ, ಮಾತಾಡಬೇಕಾದಾಗ ಕಂಬಳಿಯೊಳಗೆ ಮುಚ್ಚಿಕೊಂಡಿತ್ತು.

ರೊಟ್ಟಿ ಸರಿಯಾಗಿ ಉಬ್ಬಿರಲಿಲ್ಲ. ಬಿಳಿ ಬಟ್ಟೆಯಡಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಪಾಸ್ಟರು ಪ್ರಾರ್ಥಿಸಿ ಮುರಿದರು, ತಟ್ಟೆ ಬೆಂಚಿನಿಂದ ಬೆಂಚಿಗೆ ಬಂತು. ನಮ್ಮಲ್ಲಿ ತುಂಡು ದೊಡ್ಡದೇ ಇರುತ್ತದೆ. ಎಲ್ಲರೂ ಒಟ್ಟಿಗೆ ಬಾಯಿಗಿಟ್ಟೆವು.

ಉಪ್ಪೆಂದರೆ ಉಪ್ಪು, ನಾಲಿಗೆ ಸೆಳೆದುಕೊಂಡಿತು. ಹೆಡ್ಮಾಸ್ತರರ ಮುಖ ಹಿಂಡಿದ ಬಟ್ಟೆಯಂತಾಯಿತು. ಒಂದು ಮಗು ಥೂ ಎಂದು ಅಮ್ಮನ ಅಂಗೈಗೆ ಉಗಿಯಿತು. ಅತ್ತಿಗೆ ಕಣ್ಣು ಮುಚ್ಚಿ ನುಂಗಿದಳು. ಇಡೀ ಚರ್ಚಿನಲ್ಲಿ ಒಬ್ಬನೇ ಒಬ್ಬ ತಲೆ ಬಾಗಿಸಿ ನೆಮ್ಮದಿಯಿಂದ ಅಗಿಯುತ್ತಿದ್ದ. ಅಣ್ಣನಿಗೆ ಏನೂ ಗೊತ್ತಾಗಿರಲಿಲ್ಲ. ಅವನ ಮುಖದಲ್ಲಿ ವಾರದಿಂದ ಕಾಣದಿದ್ದ ಶಾಂತಿಯಿತ್ತು. ಗೆದ್ದೆ ಅಂದುಕೊಂಡಿದ್ದ. ಅಷ್ಟರಲ್ಲಿ ಮಗುವಿನ ಸದ್ದಿಗೆ ತಲೆ ಎತ್ತಿ ಸುತ್ತ ನೋಡಿದ. ಒಂದು ಮುಖ, ಇನ್ನೊಂದು ಮುಖ. ಅಗಿಯುವುದನ್ನು ನಿಲ್ಲಿಸಿದ.

ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಅಯ್ಯೋ ದೇವರೇ, ನನ್ನನ್ನು ಇಲ್ಲೇ ನೆಲ ನುಂಗಬಾರದೇ ಅನ್ನಿಸಿತು.

ಪಾಸ್ಟರು ಏನೂ ಆಗದವರಂತೆ ಮುಂದುವರಿಸಿದರು. ಕೊನೆಗೆ ಅಭ್ಯಾಸಬಲದಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ಎದ್ದು ನಿಂತೆ. ಹೇಳಿದರೆ ಥೂ ಅನ್ನುತ್ತೀರಿ, ಪಾಠ ಆಗಲೇ ಸಿದ್ಧವಾಗಿತ್ತು! ಭೂಮಿಯ ಉಪ್ಪು, ಉಪ್ಪಿನ ಕಂಬವಾದ ಲೋಟನ ಹೆಂಡತಿ, ಕಣ್ಣೀರಿನ ಉಪ್ಪು, ಎಲ್ಲ ಸಾಲಾಗಿ ತಾವೇ ಬಂದು ನಾಲಿಗೆಯ ಮೇಲೆ ಕೂತಿದ್ದವು. ಅಷ್ಟು ಒಳ್ಳೆಯ ಪಾಠ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

"ಇವತ್ತು ಪಾಠ ಇಲ್ಲ" ಅಂದೆ. "ರೊಟ್ಟಿಗೆ ಉಪ್ಪು ಜಾಸ್ತಿಯಾಗಿದೆ. ತಪ್ಪು ನನ್ನದು."

ಕೂತೆ. ಯಾರೂ ಆಮೆನ್ ಅನ್ನಲಿಲ್ಲ.

ಹೊರಗೆ ನಲ್ಲಿಯ ಮುಂದೆ ಸಾಲು ನಿಂತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ. ಇಲ್ಲಿ ತಪ್ಪು ಮಾಡಿದವಳು ನಾನು, ನೀರು ಕುಡಿಯುತ್ತಿದ್ದವರು ಅವರು. ಹೆಡ್ಮಾಸ್ತರರು ಬಾಯಿ ಮುಕ್ಕಳಿಸಿ, "ಕೈಲಾಗದಿದ್ರೆ ಯಾಕಮ್ಮ ಹಿಟ್ಟು ಮುಟ್ಟೋಕೆ ಹೋಗ್ತೀರಿ?" ಎಂದು ನನ್ನನ್ನು ಗದರಿದರು. ಅಣ್ಣನನ್ನು ಯಾರೂ ಏನೂ ಅನ್ನಲಿಲ್ಲ. ಅಷ್ಟಾದರೂ ಆಯಿತು.

ಮನೆಗೆ ಬಂದ ಮೇಲೆ ಅಣ್ಣ ಒಲೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡ. ಅತ್ತಿಗೆಯೂ ಬಂದು ಬಾಗಿಲಲ್ಲಿ ನಿಂತಳು.

"ಸುಳ್ಳು ಯಾಕೆ ಹೇಳಿದೆ? ನೀನು ಹಿಟ್ಟು ಮುಟ್ಟೇ ಇಲ್ಲ."

"ಸುಳ್ಳಲ್ಲ ಅಣ್ಣ. ಮುಚ್ಚಳದ ಸದ್ದು ಕೇಳಿಸ್ತು. ಎರಡು ಸಲ. ಎಚ್ಚರ ಇತ್ತು ನಂಗೆ."

"ಎಚ್ಚರ ಇತ್ತಾ?"

"ಎದ್ದು ಬರ್ಬೇಕಾಗಿತ್ತು. ಬರ್ಲಿಲ್ಲ. ನೀನು ಸೋಲ್ಲಿ ಅಂತ ಮಲ್ಕೊಂಡೆ."

ಅವನು ಮೇಜಿನ ಮೇಲಿನ ಒಣಹಿಟ್ಟನ್ನು ಅಂಗೈಯಿಂದ ಒಂದು ಕಡೆಗೆ ಒತ್ತರಿಸಿದ. "ಮೊದಲನೇ ತಪ್ಪನ್ನ ನಾನು ಆಗಲೇ ಮರೆಯೋಕೆ ಶುರು ಮಾಡಿದ್ದೆ" ಎಂದ. "ಇದು ಅದಕ್ಕಿಂತ ದೊಡ್ಡದು ಕಣೇ." ಹೇಳಿ ಮಹಡಿ ಹತ್ತಿ ಹೋದ. ನಾನು ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಜರಡಿಯ ಸದ್ದು ಶುರುವಾಗುವ ಮೊದಲೇ ಹಲಗೆಯ ಮೇಲೆ ಯಾರೋ ಬೆರಳಿನಿಂದ ಕುಟ್ಟಿದರು. ಹೋದೆ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮೇಜಿನ ಹತ್ತಿರ ನಿಂತಿದ್ದಳು, ನಾನು ನಿಲ್ಲುತ್ತಿದ್ದ ಜಾಗದಲ್ಲಿ. ಇನ್ನು ಮೇಲೆ ರುಚಿ ನೋಡುವವಳು ಅವಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎದೆಯಲ್ಲಿ ಚುರ್ ಅಂದಿತು. ನ್ಯಾಯವೇ.

ಅಣ್ಣ ನನ್ನ ಮುಖ ನೋಡಲಿಲ್ಲ. ಗೋಡೆಯ ಪಕ್ಕ ಇಟ್ಟಿದ್ದ ಸ್ಟೂಲನ್ನು ಗಲ್ಲದಿಂದ ತೋರಿಸಿದ.

"ಅಲ್ಲಿ ಕೂತ್ಕೋ. ಮುಚ್ಚಳದ ಸದ್ದು ಎಣಿಸು. ನಿನ್ನ ಬಾಯಿ ಬೇಡ, ಕಿವಿ ಸಾಕು."

ಅತ್ತಿಗೆ ನಗು ತಡೆದುಕೊಂಡಳು. ಕಿವಿಯ ಬಗ್ಗೆ ಒಂದು ಪಾಠ ನನ್ನೊಳಗೆ ತಲೆ ಎತ್ತಿತು, ಹಾಳಾಗಿ ಹೋಗು ಎಂದು ಅದನ್ನು ಅಲ್ಲೇ ಕೂರಿಸಿದೆ. ಅಣ್ಣ ಡಬ್ಬಿ ತೆಗೆದ, ಹಿಡಿ ತುಂಬ ಉಪ್ಪು ಹಾಕಿದ, ನಾದಿದ. ನಡುವೆ ತಡೆದು ನಿಂತ.

"ಎಷ್ಟು ಸಲ?" ಎಂದು ಕೇಳಿದ.

"ಒಂದು" ಅಂದೆ. ಬೇರೆ ಏನೂ ಹೇಳಲಿಲ್ಲ.